ತ್ರೀ ಫೇಸ್ ಬೈಕು, ಬ್ಯಾಟರಿ ಹೊಸದು, ಆದ್ರೂ ಚಾರ್ಜ್ ನಿಲ್ತಿಲ್ಲ: ಮೀಟರ್ ಹಿಡಿದು ಎಲ್ಲಿಂದ ಶುರು ಮಾಡಲಿ?

ಬೆಣ್ಣೆದೋಸೆ_150 (ದಾವಣಗೆರೆ)

ಗಾಡಿ 150 ಸಿಸಿ, ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್). ಸ್ಟೇಟರಿಂದ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸೋ ಕಾಯಿಲ್ ಪ್ಲೇಟು) ಮೂರು ಹಳದಿ ವೈರ್ ಬರ್ತವೆ. ಬ್ಯಾಟರಿ 12 ವೋಲ್ಟ್ 6 ಎಎಚ್ (ಆಂಪ್-ಅವರ್), ಸೀಲ್ಡ್, ಹಾಕಿಸಿ ನಾಲ್ಕು ತಿಂಗಳಾಯ್ತು. ದಿನಾ ಚಿತ್ರದುರ್ಗಕ್ಕೆ ಹೈವೇನಲ್ಲೇ ಓಡಾಟ, ಹಂಗಾಗಿ ಚಾರ್ಜ್ ಆಗೋಕೆ ಟೈಮ್ ಸಾಲ್ತಿಲ್ಲ ಅನ್ನೋ ಹಂಗೂ ಇಲ್ಲ. ಆದ್ರೂ ಬೆಳಿಗ್ಗೆ ಸೆಲ್ಫ್ ಒತ್ತಿದ್ರೆ ರಿಲೇ ಕಟಕಟ ಅನ್ನುತ್ತೆ, ಇಂಜಿನ್ ತಿರುಗಲ್ಲ.

ಬ್ಯಾಟರಿ ಟರ್ಮಿನಲ್ ಮೇಲೆ ಮೀಟರ್ ಇಟ್ಟು ನೋಡಿದ್ದು: ರಾತ್ರಿ ನಿಲ್ಸಿ ಬೆಳಿಗ್ಗೆ 12.2. ಸ್ಟಾರ್ಟ್ ಆದ್ಮೇಲೆ ಸ್ಲೋನಲ್ಲಿ 12.8. 5000 ಆರ್‌ಪಿಎಂಗೆ 13.1. ಅದರ ಮೇಲೆ ಹೈ ಬೀಮ್ ಹಾಕಿದ್ರೆ 12.9ಕ್ಕೆ ಇಳಿಯುತ್ತೆ. ಗ್ಯಾರೇಜಲ್ಲಿ ಕಾಯಿಲ್ ಪ್ಲೇಟು, ರೆಗ್ಯುಲೇಟರು (ಸ್ಟೇಟರ್ ಎಸಿನ ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡೋ ಡಬ್ಬಿ) ಎರಡೂ ಬದಲಾಯಿಸ್ಬೇಕು ಅಂತಿದಾರೆ. ಯಾವುದು ಹೋಗಿದೆ ಅಂತಾನೇ ಗೊತ್ತಿಲ್ಲದೆ ಎರಡಕ್ಕೂ ದುಡ್ಡು ಸುರಿಯೋಕೆ ಮನಸ್ಸಿಲ್ಲ. ಹೆಂಗೆ ಚೆಕ್ ಮಾಡ್ಲಿ?

ಕಲ್ಲಿನಕೋಟೆ_ವೋಲ್ಟ್ (ಚಿತ್ರದುರ್ಗ)

ಮೊದಲು ಬ್ಯಾಟರಿಯನ್ನು ಹೊರಗಡೆ ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. 6 ಎಎಚ್‌ಗೆ 0.6 ಆಂಪ್ ಸಾಕು, ಆಟೋ ಚಾರ್ಜರ್ ಆದರೆ ರಾತ್ರಿಯಿಡೀ ಬಿಡಬಹುದು. ಅರ್ಧ ಖಾಲಿಯಾದ ಬ್ಯಾಟರಿ ಬಂದ ಕರೆಂಟನ್ನೆಲ್ಲ ನುಂಗುತ್ತಾ ವೋಲ್ಟೇಜನ್ನು ಕೆಳಗೆ ಎಳೆದುಕೊಂಡೇ ಇರುತ್ತದೆ. ಆ ಸ್ಥಿತಿಯಲ್ಲಿ ತೆಗೆದ ರೀಡಿಂಗ್ ನಂಬಿ ರೆಗ್ಯುಲೇಟರ್ ಬದಲಿಸಿದವರೇ ಜಾಸ್ತಿ. ಚಾರ್ಜರ್ ತೆಗೆದು ಎರಡು ಮೂರು ಗಂಟೆ ಬಿಟ್ಟು ನೋಡಿ, 12.7ರ ಆಸುಪಾಸು ನಿಲ್ಲಬೇಕು. ಆಮೇಲೆ ಸೆಲ್ಫ್ ಒತ್ತುವಾಗ ಮೀಟರ್ ನೋಡಿ. 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೇ ಅನುಮಾನ, ನಾಲ್ಕು ತಿಂಗಳ ಹೊಸದಾದರೂ ಸರಿ. ಪದೇ ಪದೇ ಪೂರ್ತಿ ಇಳಿದ ಬ್ಯಾಟರಿಗೆ ಸಲ್ಫೇಷನ್ (ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುವುದು) ಹಿಡಿಯಲು ಅಷ್ಟು ದಿನ ಬೇಕಾಗಿಲ್ಲ. ಪ್ರೋಬನ್ನು ಬೋಲ್ಟ್ ತಲೆಯ ಮೇಲಲ್ಲ, ಟರ್ಮಿನಲ್ಲಿನ ಸೀಸದ ಮೇಲೇ ಒತ್ತಿ.

ಈಗ ಗಾಡಿ ಸ್ಟಾರ್ಟ್ ಮಾಡಿ ಅಳೆಯಿರಿ. 4000–5000ದಲ್ಲಿ 13.8ರಿಂದ 14.5 ಇದ್ದರೆ ಚಾರ್ಜಿಂಗ್ ಸರಿ ಇದೆ, ಅಲ್ಲಿಗೆ ನಿಲ್ಲಿಸಿ. ರೇಸ್ ಕೊಟ್ಟ ಹಾಗೆ 15 ದಾಟಿ ಏರುತ್ತಾ ಹೋದರೆ ರೆಗ್ಯುಲೇಟರ್ ಹಿಡಿತ ಬಿಟ್ಟಿದೆ. ಬ್ಯಾಟರಿ ಉಬ್ಬುವುದು, ಬಲ್ಬ್ ಮೇಲೆ ಬಲ್ಬ್ ಸುಡುವುದು ಇದರಿಂದಲೇ. ತುಂಬಿದ ಬ್ಯಾಟರಿಯಲ್ಲೂ 13.2 ದಾಟದಿದ್ದರೆ ಮಾತ್ರ ಸ್ಟೇಟರ್ ನೋಡಬೇಕು. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಲೇ ಇರುತ್ತದೆ. ಹಾಗಾಗಿ ಸ್ಲೋ ಸ್ಪೀಡಿನಲ್ಲಿ 13ರ ಹತ್ತಿರ ಬಂದರೆ ಗಾಬರಿ ಬೇಡ.

ಸ್ಟೇಟರ್‌ಗೆ: ಮೂರು ಹಳದಿ ವೈರಿನ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಸಾಕೆಟ್) ಬಿಚ್ಚಿ, ಮೀಟರನ್ನು ಎಸಿ 200ಕ್ಕೆ ತಿರುಗಿಸಿ. ಡಿಸಿಯಲ್ಲೇ ಬಿಟ್ಟು ಸೊನ್ನೆ ನೋಡಿ ಕಾಯಿಲ್ ಹೋಯ್ತು ಅನ್ನುವುದು ಮಾಮೂಲಿ ಎಡವಟ್ಟು. ಇಂಜಿನ್ ಓಡಿಸಿ 1–2, 2–3, 1–3 ಹೀಗೆ ಎರಡೆರಡು ವೈರ್ ಹಿಡಿದು ಅಳೆಯಿರಿ. ಈ ಸೈಜಿನ ಗಾಡಿಗಳಲ್ಲಿ ಸ್ಲೋನಲ್ಲಿ ಹೆಚ್ಚುಕಡಿಮೆ 15–20, 5000ಕ್ಕೆ 50–70 ಬರುತ್ತದೆ. ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯೇ ಅಂತಿಮ. ಆದರೆ ಎಷ್ಟು ಬಂತು ಅನ್ನುವುದಕ್ಕಿಂತ ಮೂರೂ ಒಂದೇ ಸಮ ಬಂದವಾ ಅನ್ನುವುದು ಮುಖ್ಯ. ಒಂದು ಜೋಡಿ 60 ತೋರಿಸಿ ಉಳಿದೆರಡು 30 ತೋರಿಸಿದರೆ, ಆ ಎರಡರಲ್ಲೂ ಇರುವ ವೈರಿನ ಸುರುಳಿ ಸುಟ್ಟಿದೆ. ಬಿಚ್ಚಿದ ಕಪ್ಲರನ್ನು ಕೈಯಿಂದ ಮುಟ್ಟಬೇಡಿ, 60 ವೋಲ್ಟ್ ಎಸಿ ಚುರ್ರ್ ಅನ್ನಿಸುತ್ತದೆ.

ಇಂಜಿನ್ ಆಫ್ ಮಾಡಿ ಹಳದಿ ವೈರಿಗೂ ಬಾಡಿಗೂ ಓಮ್ಸ್ ನೋಡಿ, ಒಎಲ್ (ಎರಡರ ನಡುವೆ ಸಂಪರ್ಕ ಇಲ್ಲ ಎಂದು) ತೋರಿಸಬೇಕು. ವೈರ್ ವೈರ್ ನಡುವೆ 0.2ರಿಂದ 1 ಓಮ್. ಮೊದಲು ಎರಡು ಪ್ರೋಬ್ ತುದಿ ಕೂಡಿಸಿ ಬಂದ ಅಂಕಿಯನ್ನು ಕಳೆಯಿರಿ, ಅಗ್ಗದ ಮೀಟರಿನ ವೈರೇ 0.3 ತಿನ್ನುತ್ತದೆ. ನಿಜ ಹೇಳಬೇಕೆಂದರೆ ಇಷ್ಟು ಸಣ್ಣ ಓಮ್ಸ್‌ನಲ್ಲಿ ಸಾಮಾನ್ಯ ಮೀಟರ್ ನಂಬುವಂತಿಲ್ಲ, ಎಸಿ ಟೆಸ್ಟೇ ಸಾಕ್ಷಿ. ತಣ್ಣಗಿದ್ದಾಗ ಎಲ್ಲ ಸರಿ ಕಂಡರೂ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿಯಲ್ಲಿ ಇನ್ನೊಮ್ಮೆ ನೋಡಿ. ವಾರ್ನಿಷ್ ಬಿಟ್ಟ ಕಾಯಿಲ್ ಕಾದಾಗಲೇ ಶಾರ್ಟ್ ಆಗುವುದು.

ಹಳದಿವೈರ್ (ಹರಿಹರ)

ಮೇಲಿನವರು ಹೇಳಿದ್ದು ಸರಿ, ಆದ್ರೆ ನಾನಾದ್ರೆ ಬ್ಯಾಟರಿ ಆದ್ಮೇಲೆ ಸೀದಾ ವೋಲ್ಟೇಜ್ ಡ್ರಾಪ್ (ವೈರು, ಜಾಯಿಂಟಲ್ಲಿ ಎಷ್ಟು ವೋಲ್ಟ್ ಕಳ್ದು ಹೋಗ್ತಿದೆ ಅಂತ) ನೋಡ್ತೀನಿ. ಐದು ನಿಮಿಷದ ಕೆಲಸ, ಏನೂ ಬಿಚ್ಚೋದು ಬೇಡ. ಕಾಯಿಲ್‌ಗಿಂತ ಕಪ್ಲರು, ಅರ್ತು ಕೈಕೊಡೋದೇ ಜಾಸ್ತಿ.

ಮೀಟರ್ ಡಿಸಿ 20ರಲ್ಲಿಡಿ. ರೆಗ್ಯುಲೇಟರ್ ಕಪ್ಲರ್ ಹಾಕಿದ್ದಂಗೇ ಇರ್ಲಿ, ಹಿಂದಿನಿಂದ ವೈರ್ ಪಕ್ಕಕ್ಕೆ ಒಂದು ಗುಂಡುಪಿನ್ನು ತೂರಿಸಿ ಅದಕ್ಕೆ ಪ್ರೋಬ್ ಹಿಡೀರಿ. ಎರಡು ಪಿನ್ನು ಒಂದಕ್ಕೊಂದು ತಾಗಬಾರ್ದು. 4000 ಆರ್‌ಪಿಎಂ, ಹೈ ಬೀಮ್ ಆನ್. ರೆಗ್ಯುಲೇಟರ್ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ 0.2, ಹೆಚ್ಚಂದ್ರೆ 0.3. ರೆಗ್ಯುಲೇಟರ್ ಅರ್ತ್ ವೈರಿಂದ ಬ್ಯಾಟರಿ ಮೈನಸ್‌ಗೆ 0.1ರ ಒಳಗೆ. ಮೀಟರಲ್ಲಿ ಮೈನಸ್ ಗುರುತು ಬಂದ್ರೆ ತಲೆ ಕೆಡಿಸ್ಕೋಬೇಡಿ. ಪ್ಲಸ್ ಕಡೆ ಜಾಸ್ತಿ ಬಂದ್ರೆ ಫ್ಯೂಸ್ ಹೋಲ್ಡರು, ಕಪ್ಲರ್ ನೋಡಿ. ಬಿಳಿ ಪ್ಲಾಸ್ಟಿಕ್ ಹೊತ್ತಿದ ದೋಸೆ ಬಣ್ಣಕ್ಕೆ ತಿರುಗಿದ್ರೆ ಒಳಗಿನ ಟರ್ಮಿನಲ್ ಸಡಿಲ ಆಗಿದೆ ಅಂತ ಅರ್ಥ.

ಇನ್ನೊಂದು ವಿಷಯ. ಕೆಲವು ರೆಗ್ಯುಲೇಟರ್‌ಗೆ ಇಗ್ನಿಷನ್ ಲೈನಿಂದ ಒಂದು ಸಣ್ಣ ಸೆನ್ಸ್ ವೈರ್ ಇರುತ್ತೆ. ಆ ವೈರಲ್ಲಿ ಡ್ರಾಪ್ ಆದ್ರೆ ಕಥೆ ಉಲ್ಟಾ, ಬ್ಯಾಟರಿ ಇಳಿದಿದೆ ಅಂದ್ಕೊಂಡು ರೆಗ್ಯುಲೇಟರ್ ಓವರ್‌ಚಾರ್ಜ್ ಮಾಡುತ್ತೆ. 15 ದಾಟಿದ ತಕ್ಷಣ ರೆಗ್ಯುಲೇಟರ್ ಎಸೀಬೇಡಿ.

ಮನೇಲಿ ಮೆಕ್ಕೆಜೋಳದ ಚೀಲ ಪೇರ್ಸಿರೋ ಕಡೆ ಗಾಡಿ ನಿಲ್ಸೋರು ಸೀಟ್ ಕೆಳಗಿನ ವೈರಿಂಗ್ ಒಮ್ಮೆ ಕೈಯಾಡಿಸಿ ನೋಡಿ. ಇಲಿ ಕಡಿದ ವೈರಿಗೆ ಯಾವ ಟೆಸ್ಟೂ ಬೇಕಾಗಲ್ಲ.

ಮೀಟರ್‌ಫ್ಯೂಸ್

ರಾತ್ರಿ ಸೋರಿಕೆ ಚೆಕ್ ಮಾಡೋದು ಯಾರೂ ಹೇಳಲಿಲ್ಲ. ಕೀ ಆಫ್. ಬ್ಯಾಟರಿ ಮೈನಸ್ ವೈರ್ ಬಿಚ್ಚಿ, ಕೆಂಪು ಪ್ರೋಬನ್ನು ಮೀಟರಿನ 10 ಆಂಪ್ ತೂತಿಗೆ ಹಾಕಿ, ವೈರಿಗೂ ಮೈನಸ್ ಟರ್ಮಿನಲ್‌ಗೂ ನಡುವೆ ಸೇರಿಸಿ. ಡಿಜಿಟಲ್ ಮೀಟರ್ ಕನ್ಸೋಲ್ ಇರೋ ಗಾಡಿಗೆ ಒಂದೆರಡು ಮಿಲಿಆಂಪ್ ಸಹಜ. 50 ಬಂದರೆ ದಿನಕ್ಕೆ 1.2 ಎಎಚ್ ಹೋಯ್ತು, ನಿಮ್ಮ 6 ಎಎಚ್ ಬ್ಯಾಟರಿ ನಿಂತಲ್ಲೇ ಐದು ದಿನಕ್ಕೆ ಖಾಲಿ. ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವುದು ಕಿತ್ತಾಗ ಅಂಕಿ ಬೀಳುತ್ತೋ ಆ ಲೈನು. ಹೊರಗಡೆ ಹಾಕಿಸಿದ ಜಿಪಿಎಸ್, ಅಲಾರಂ ಮೊದಲ ಅನುಮಾನ.

ಮೀಟರ್ ಈ ರೀತಿ ಸೇರಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ. ಮುಗಿದ ಮೇಲೆ ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಆಮೇಲೆ ಬ್ಯಾಟರಿಗೆ ಅಡ್ಡ ಇಟ್ರೆ ನೇರ ಶಾರ್ಟ್. ಮೀಟರಿನ 9 ವೋಲ್ಟ್ ಬ್ಯಾಟರಿ ಇಳಿದಿದ್ರೆ ರೀಡಿಂಗ್ ಜಾಸ್ತಿ ತೋರಿಸುತ್ತೆ, 14 ಕಂಡು ಸರಿ ಇದೆ ಅಂದ್ಕೋತೀರಿ.

ಗಾಡಿ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು "ನೋಡಿ, ಆಫ್ ಆಗಲಿಲ್ಲ, ಚಾರ್ಜಿಂಗ್ ಇದೆ" ಅನ್ನೋ ಹಳೇ ಪರೀಕ್ಷೆ ಎಫ್‌ಐ ಗಾಡಿ ಹತ್ತಿರ ಬೇಡವೇ ಬೇಡ. ವೋಲ್ಟೇಜ್ ಎಗರಿ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋದ್ರೆ ಕಾಯಿಲ್ ಪ್ಲೇಟಿನ ರೇಟು ಏನೂ ಅಲ್ಲ ಅನ್ಸುತ್ತೆ.

ಬೆಣ್ಣೆದೋಸೆ_150

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಟರಿ ತುಂಬಿಸಿದ್ಮೇಲೆ 12.75, ಸೆಲ್ಫ್ ಒತ್ತಿದಾಗ 10.6. ಆದ್ರೂ 5000ಕ್ಕೆ ಅದೇ 13.1. ಸ್ಟೇಟರ್ ಎಸಿ 58, 57, 58, ಬಿಸಿಯಲ್ಲೂ ಅಷ್ಟೇ. ಬಾಡಿಗೆ ಒಎಲ್. ಸೋರಿಕೆ 1 ಮಿಲಿಆಂಪ್. ಡ್ರಾಪ್ ಪ್ಲಸ್ ಕಡೆ 0.08, ಮೈನಸ್ ಕಡೆ 1.1!

ಹಳದಿವೈರ್ (ಹರಿಹರ)

ಸಿಕ್ತಲ್ಲ. 13.1ಕ್ಕೆ 0.08, 1.1 ಸೇರಿಸಿ ನೋಡಿ, 14.28. ರೆಗ್ಯುಲೇಟರ್ ತನ್ನ ಬಾಯಲ್ಲಿ ಸರಿಯಾಗೇ ಕೊಡ್ತಿದೆ, ದಾರೀಲಿ ಕಳ್ದು ಹೋಗ್ತಿದೆ. ಈಗ ಕಪ್ಲರ್ ಕಡೆ ಪ್ರೋಬ್ ಅಲ್ಲೇ ಇರ್ಲಿ, ಬ್ಯಾಟರಿ ಕಡೇದನ್ನ ಹಂತ ಹಂತವಾಗಿ ಹಿಂದಕ್ಕೆ ತನ್ನಿ: ಬ್ಯಾಟರಿ ಮೈನಸ್, ಚಾಸಿ ಬೋಲ್ಟ್, ಬೋಲ್ಟ್ ಕೆಳಗಿನ ಉಂಗುರದ ಟರ್ಮಿನಲ್, ಆಮೇಲೆ ಆ ಟರ್ಮಿನಲ್ ಹಿಂದೆ ವೈರಿಗೇ ಪಿನ್ನು ಚುಚ್ಚಿ. ಎಲ್ಲಿ 1.1 ದಡಕ್ಕಂತ ಬೀಳುತ್ತೋ ಅಲ್ಲೇ ರೋಗ.

ಬೆಣ್ಣೆದೋಸೆ_150

ಉಂಗುರದವರೆಗೂ 1.05 ಇತ್ತು, ವೈರಿಗೆ ಚುಚ್ಚಿದ್ರೆ 0.03. ಉಂಗುರ ಹಿಡಿದಿರೋ ಜಾಗದಲ್ಲಿ ಹಸಿರು ಪುಡಿ.

ಕಲ್ಲಿನಕೋಟೆ_ವೋಲ್ಟ್ (ಚಿತ್ರದುರ್ಗ)

ವಾಟರ್ ಸರ್ವಿಸ್‌ನಲ್ಲಿ ಸೀಟ್ ಕೆಳಗೆ ಜೋರಾಗಿ ನೀರು ಹೊಡೆಸಿದರೆ ಆಗುವುದೇ ಇದು. 10ರ ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಚ್ಚಿ, ಚಾಸಿಯ ಆ ಜಾಗದ ಪೇಂಟನ್ನು ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ. ಹೊಸ ಉಂಗುರವನ್ನು ವೈರಿಗೆ ಕ್ರಿಂಪ್ ಮಾಡಿ (ಅದುಮಿ ಕೂರಿಸಿ), ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಸ್ವಲ್ಪ ವ್ಯಾಸಲಿನ್ ಸವರಿ. ವೈರ್ ಹುರಿಮಾಡಿ ಟೇಪ್ ಸುತ್ತುವುದು ಬೇಡ.

ಬೆಣ್ಣೆದೋಸೆ_150

ಆಯ್ತು. ಸ್ಲೋನಲ್ಲಿ 13.6, 5000ಕ್ಕೆ 14.2, ಹೈ ಬೀಮ್ ಹಾಕಿದ್ರೂ 14.1. ಮೈನಸ್ ಡ್ರಾಪ್ 0.04.

ಹಳದಿವೈರ್ (ಹರಿಹರ)

ಉಂಗುರ ಕತ್ತರಿಸಿದಾಗ ಒಳಗಿನ ತಾಮ್ರ ಕೆಂಪಗಿತ್ತಾ, ಕಪ್ಪಗಿತ್ತಾ? ಕಪ್ಪಗಿದ್ರೆ ಇನ್ನೊಂದು ಇಂಚು ಹಿಂದಕ್ಕೆ ಕತ್ತರಿಸಿ, ಕೆಂಪು ತಾಮ್ರ ಸಿಕ್ಕಿದ ಮೇಲೆ ಮತ್ತೆ ಕ್ರಿಂಪ್ ಮಾಡಿ.