ಪದ ಬೇಕಾಗಿದೆ: ಹಣ್ಣಿನ ‘ಜೆಲ್ಲಿ ಕ್ಯಾಂಡಿ’ (ಗುರುವಾರದೊಳಗೆ)

ಪುತ್ತೂರಿನಿಂದ

ಮಾನ್ಯರೆ, ಬರುವ ಶನಿವಾರ ಇಲ್ಲಿಯ ಹಣ್ಣುಮೇಳದಲ್ಲಿ ನನ್ನ ತಂಗಿ ಸಣ್ಣದೊಂದು ಮಳಿಗೆ ಇಡುತ್ತಿದ್ದಾಳೆ. ಪೇರಳೆಯ ತಿರುಳನ್ನು ಸಕ್ಕರೆಯೊಂದಿಗೆ ಕಾಯಿಸಿ, ಕೊನೆಗೆ ಪುನರ್ಪುಳಿಯ ರಸ ಬೆರೆಸಿ, ತಟ್ಟೆಗೆ ಸುರಿದು, ಮರುದಿನ ಚೌಕವಾಗಿ ಕತ್ತರಿಸಿ ಸಕ್ಕರೆಯಲ್ಲಿ ಹೊರಳಿಸಿದ ತುಂಡುಗಳನ್ನು ಅವಳು ಮಾರಲಿದ್ದಾಳೆ. ಮನೆಯಲ್ಲಿ ನಾವೆಲ್ಲ ಅದನ್ನು ‘ಜೆಲ್ಲಿ ಕ್ಯಾಂಡಿ’ ಎನ್ನುತ್ತೇವೆ. ಫಲಕ ಬರೆಯುವವರು ಕಳಿಸಿದ ಕರಡಿನಲ್ಲಿ ‘ಶುದ್ಧ ಹಣ್ಣಿನ ಜಲ್ಲಿ’ ಎಂದಿದೆ. ಹಾಗೆಯೇ ತೂಗುಹಾಕಿದರೆ ಮನೆ ಕಟ್ಟುವವರು ಲೋಡಿನ ದರ ವಿಚಾರಿಸಿಕೊಂಡು ಬಂದಾರು. ಒಂದು ಅಕ್ಷರ ತಿದ್ದಿಸಿದರೆ ಕೆಲಸ ಮುಗಿಯುತ್ತದೆ ಎಂಬುದು ನಿಜವಾದರೂ, ತಿದ್ದಿಸುವುದೇ ಆದರೆ ಕನ್ನಡದ್ದೇ ಒಂದು ಹೆಸರಿರಲಿ ಎಂಬುದು ಅವಳ ಆಸೆ. ಜೊತೆಗೆ, ಪಾಕವಿಧಾನದ ಚೀಟಿಯಲ್ಲಿ ‘ಸೆಟ್ ಆಗಲು ಬಿಡಿ’ ಎಂದಿರುವಲ್ಲಿ ಯಾವ ಕ್ರಿಯಾಪದ ಒಪ್ಪುತ್ತದೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ

‘ಜೆಲ್ಲಿ’ಯ ಬೇರು ಹೆಪ್ಪುಗಟ್ಟು ಎಂಬ ಅರ್ಥದ ಲ್ಯಾಟಿನ್ನಿನ ‘ಗೆಲಾರೆ’. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಹಣ್ಣಿನಲ್ಲಿ ಈ ಕೆಲಸ ಮಾಡುವ ವಸ್ತುವಿಗೆ 1825ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಆನ್ರಿ ಬ್ರಾಕೊನೊ ಹೆಸರಿಡುವಾಗಲೂ ಅದೇ ಅರ್ಥದ ಗ್ರೀಕ್ ಪದವನ್ನು ಹಿಡಿದು ‘ಪೆಕ್ಟಿನ್’ ಎಂದ. ಅವರವರು ಅವರವರ ಬೇರಿನಿಂದ ಹೆಸರು ಕಟ್ಟಿಕೊಂಡಿರುವಾಗ ನಾವು ಕೈಚಾಚುವುದೇಕೆ? ಈ ಅರ್ಥಕ್ಕೆ ನಮ್ಮಲ್ಲಿ ‘ಹೆರೆ’ ಇದೆ. ತುಪ್ಪ ಹೆರೆಯುತ್ತದೆ, ಹೆರೆತದ್ದು ಹೆರೆತುಪ್ಪ. ಆದ್ದರಿಂದ ಕ್ರಿಯಾಪದ ‘ಹೆರೆ’, ಹೆಸರು ‘ಹಣ್ಣುಹೆರೆ’. ಯಾರಾದರೂ ಅಂದಗಾಣಿಸಲೆಂದು ‘ಫಲಹೆರೆ’ ಎಂದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸವಾಗುತ್ತದೆ. ಬಿರುದಾವಳಿಗಳಿಗೆ ವ್ಯಾಕರಣಕಾರ ಕೇಶಿರಾಜ ಕೊಟ್ಟ ವಿನಾಯಿತಿ ತಿಂಡಿಯ ಮಳಿಗೆಗೆ ಅನ್ವಯಿಸುವುದಿಲ್ಲ.

ಮೈಸೂರಿನಿಂದ

‘ಹಣ್ಣುಹೆರೆ’ ನಡೆಯುವುದಿಲ್ಲ. ಇಂದಿನ ಓದುಗರಿಗೆ ‘ಹೆರೆ’ ಎಂದೊಡನೆ ಹೊಳೆಯುವುದು ಕೆರೆದು ತೆಗೆಯುವ ಕ್ರಿಯೆ. ಅದರಲ್ಲೂ ಪುತ್ತೂರಿನ ಕಡೆ ತೆಂಗಿನಕಾಯಿ ತುರಿಯುವ ಹೆರೆಮಣೆ ಮನೆಮನೆಯಲ್ಲಿದೆ. ಫಲಕ ನೋಡಿದವರು ತುರಿದ ಪೇರಳೆಯನ್ನು ಕೇಳುತ್ತಾರೆ.

ನನ್ನ ಸೂಚನೆ ಬೇರೆ. ‘ಕ್ಯಾಂಡಿ’ಯ ಬಗ್ಗೆ ಇಲ್ಲಿ ಯಾರೂ ಮಾತೆತ್ತಲಿಲ್ಲ. ಅದು ನಮ್ಮ ‘ಖಂಡ’ವೇ. ಮುರಿದ ಸಕ್ಕರೆಯ ತುಂಡು ಎಂಬ ಅರ್ಥದಲ್ಲಿ ಪಾರಸಿಗೆ ಹೋಗಿ ‘ಕಂದ್’ ಆಯಿತು, ಅರಬ್ಬಿಯಲ್ಲಿ ‘ಕಂದಿ’ ಆಯಿತು, ಫ್ರೆಂಚನ್ನು ದಾಟಿ ಇಂಗ್ಲಿಷಿನಲ್ಲಿ ‘ಕ್ಯಾಂಡಿ’ ಎನಿಸಿಕೊಂಡಿತು. ತಮಿಳರು ಕಲ್ಲುಸಕ್ಕರೆಗೆ ಹೇಳುವ ‘ಕಲ್ಕಂಡು’ವಿನಲ್ಲಿ ಕುಳಿತಿರುವುದೂ ಅದೇ. ಹೊರಗೆ ಹೋದ ನಮ್ಮ ಪದವನ್ನು ವೇಷ ಕಳಚಿಸಿ ಒಳಗೆ ಕರೆದುಕೊಳ್ಳುವುದು ಎರವಲಾಗುವುದಿಲ್ಲ. ‘ಫಲಖಂಡ’ ಎನ್ನಿ. ಎರಡು ಪದವೂ ಸಂಸ್ಕೃತ, ಸಮಾಸದ ತಕರಾರೂ ಇಲ್ಲ.

ಶಿರಸಿಯಿಂದ

‘ಫಲಖಂಡ’ವನ್ನು ದಯವಿಟ್ಟು ಫಲಕಕ್ಕೆ ಏರಿಸಬೇಡಿ. ಆಡುಮಾತಿನಲ್ಲಿ ಖಂಡವೆಂದರೆ ಮಾಂಸದ ತುಂಡು. ಹಸಿರು ಚುಕ್ಕಿ ಹಾಕಿದ ಪೊಟ್ಟಣದ ಮೇಲೆ ಅದನ್ನು ಬರೆದರೆ ಕೊಳ್ಳಲು ಬಂದವರು ಎರಡು ಸಲ ಯೋಚಿಸುತ್ತಾರೆ.

ಇಬ್ಬರೂ ಪದದ ಬೇರನ್ನು ಅಗೆದಿರೇ ಹೊರತು ಬಾಣಲೆಯೊಳಗೆ ಇಣುಕಲಿಲ್ಲ. ಪೇರಳೆಯಲ್ಲಿ ಪೆಕ್ಟಿನ್ ಹೇರಳವಾಗಿದೆ. ಪುನರ್ಪುಳಿಯಲ್ಲಿ ಹುಳಿ ಧಾರಾಳವಾಗಿದೆ. ತಿರುಳಿನ ತೂಕಕ್ಕೆ ಸರಿಸುಮಾರು ಸಮನಾಗಿ ಸಕ್ಕರೆ ಸುರಿದು, ನೀರಿನಂಶ ಆರಿ ಪಾಕದ ಬಿಸಿ 105ರಿಂದ 107 ಡಿಗ್ರಿ ಸೆಲ್ಸಿಯಸ್‌ಗೆ ಏರುವವರೆಗೆ ಕೈಬಿಡದೆ ಕದಡಿದರೆ, ಸಕ್ಕರೆ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಹುಳಿಯು ಪೆಕ್ಟಿನ್ನಿನ ಎಳೆಗಳು ಒಂದನ್ನೊಂದು ದೂರ ತಳ್ಳದಂತೆ ಮಾಡುತ್ತದೆ, ಆ ಎಳೆಗಳು ಹೆಣೆದುಕೊಂಡು ರಸವನ್ನು ಹಿಡಿದಿಡುತ್ತವೆ. ಹುಳಿಯನ್ನು ಮೊದಲೇ ಹಾಕಿ ಬಹಳ ಹೊತ್ತು ಕುದಿಸಿದರೆ ಪೆಕ್ಟಿನ್ನೇ ಒಡೆದುಹೋಗುವುದರಿಂದ ಅದನ್ನು ಇಳಿಸುವ ಹೊತ್ತಿಗೆ ಬೆರೆಸುವುದು ಸರಿಯಾದ ಕ್ರಮ. ತಂಗಿಯವರು ಹಾಗೆಯೇ ಮಾಡುತ್ತಿರುವುದು ಸಂತೋಷ. ಉಷ್ಣಮಾಪಕ ಇಲ್ಲದವರು ಸೌಟನ್ನು ಬಾಣಲೆಯ ತಳಕ್ಕೆ ಒತ್ತಿ ಎಳೆದು ನೋಡಬೇಕು: ತಳ ಕಾಣಿಸಿ, ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ನಿಧಾನವಾಗಿ ಮುಚ್ಚಿಕೊಳ್ಳಬೇಕು, ಸೌಟೆತ್ತಿದಾಗ ಪಾಕ ಹನಿಹನಿಯಾಗಿ ತೊಟ್ಟಿಕ್ಕದೆ ಹಾಳೆಯಂತೆ ಜಾರಬೇಕು.

ಈ ಹದದಲ್ಲಿ ಆಗುವುದಕ್ಕೆ ಕ್ರಿಯಾಪದ ‘ಕಟ್ಟು’. ಕೆನೆ ಕಟ್ಟುತ್ತದೆ, ಗಡ್ಡೆ ಕಟ್ಟುತ್ತದೆ, ಪಾಕವೂ ಕಟ್ಟುತ್ತದೆ. ‘ರಾತ್ರಿಯಿಡೀ ಕಟ್ಟಲು ಬಿಡಿ’ ಎಂದು ಬರೆದರೆ ಅಡುಗೆ ಬಲ್ಲ ಯಾರಿಗೂ ಗೊಂದಲವಾಗದು.

ಹೆಸರಿನ ವಿಷಯಕ್ಕೆ ಬಂದರೆ, ಹತ್ತಿರದ ತಿನಿಸುಗಳ ಹೆಸರನ್ನು ಹೊರಿಸಲು ಹೋದಾಗಲೆಲ್ಲ ಯಾವುದಾದರೊಂದು ಪದಾರ್ಥ ಅಡ್ಡ ಬರುತ್ತದೆ. ‘ಹಲ್ವ’ ಎಂದರೆ ತುಪ್ಪ ಎಲ್ಲಿ ಎಂದು ಕೇಳುತ್ತಾರೆ, ‘ಬರ್ಫಿ’ ಎಂದರೆ ಹಾಲು ಎಲ್ಲಿ ಎನ್ನುತ್ತಾರೆ. ನಿಮ್ಮ ಕಡೆಯ ಹಲಸಿನ ‘ಪೆರಟಿ’ ಮಾಡುವ ಕ್ರಮದಲ್ಲಿ ಇದಕ್ಕೆ ತೀರ ಸಮೀಪ, ಆದರೆ ಅದು ಬೆಲ್ಲದಲ್ಲಿ ಕಾಯಿಸಿ ಭರಣಿಯಲ್ಲಿ ತುಂಬಿಡುವಂಥದ್ದು. ‘ಮಾಂಬಳ’ ಬಿಸಿಲಿಗೆ ಒಣಗಿದ ಮಾವಿನ ರಸ. ಅದಕ್ಕೂ ಒಲೆಯ ಪಾಕಕ್ಕೂ ಸಂಬಂಧವಿಲ್ಲ. ನನಗೆ ತುಂಬ ಹಿಡಿಸಿದ ಹೆಸರು, ಸಂಕ್ರಾಂತಿಯ ಸಕ್ಕರೆ ಅಚ್ಚಿನ ದಾರಿಯಲ್ಲಿ ಬಂದ ‘ಹಣ್ಣಿನ ಅಚ್ಚು’. ಆದರೆ ತಟ್ಟೆಯಲ್ಲಿ ಸುರಿದು ಚಾಕುವಿನಿಂದ ಕತ್ತರಿಸಿದ್ದನ್ನು ಅಚ್ಚು ಎನ್ನಲಾಗದು. ಸದ್ಯಕ್ಕೆ ಹಣ್ಣಿನ ಹೆಸರನ್ನೇ ಮುಂದಿಟ್ಟು ‘ಪೇರಳೆ ಮಿಠಾಯಿ’ ಎಂದರೆ ಸಾಕು.

ಬೆಂಗಳೂರಿನಿಂದ

ಪೊಟ್ಟಣಗಳ ಮೇಲಿನ ಬರಹವನ್ನು ಅನುವಾದಿಸುವುದು ನನ್ನ ಕಸುಬಾದ್ದರಿಂದ ಒಂದೆರಡು ಮಾತು. ಆಹಾರ ಸುರಕ್ಷತಾ ನಿಯಮಗಳಲ್ಲಿ ‘ಹಣ್ಣಿನ ಜೆಲ್ಲಿ’ ಎಂಬುದಕ್ಕೆ ಲಕ್ಷಣ ನಿಗದಿಯಾಗಿದೆ: ಹಣ್ಣಿನಿಂದ ಹಿಂಡಿ ಸೋಸಿದ ರಸದಿಂದ ಮಾಡಿರಬೇಕು, ತಿಳಿಯಾಗಿ ಪಾರದರ್ಶಕವಾಗಿರಬೇಕು, ಹಣ್ಣಿನ ಪಾಲು ಶೇ 45ಕ್ಕೆ ಹಾಗೂ ಕರಗಿದ ಘನಾಂಶ ಶೇ 65ಕ್ಕೆ ಕಡಿಮೆಯಿರಬಾರದು. ತಿರುಳನ್ನೇ ಗಟ್ಟಿಯಾಗಿ ಕಾಯಿಸಿದ್ದನ್ನು ಆ ನಿಯಮಗಳು ಹಣ್ಣಿನ ‘ಚೀಸ್’ ಎಂದು ಕರೆಯುತ್ತವೆ. ಗೋವೆಯವರು ‘ಪೆರಾಡ್’ ಎನ್ನುವ ಪೇರಳೆಯ ತಿನಿಸಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಹೀಗಾಗಿ ತಂಗಿಯವರ ಸರಕು ಕಟ್ಟುನಿಟ್ಟಾಗಿ ನೋಡಿದರೆ ಜೆಲ್ಲಿಯೇ ಅಲ್ಲ. ಹಾಗೆಂದು ‘ಹಣ್ಣಿನ ಚೀಸ್’ ಎಂದು ಬರೆಯುವ ಧೈರ್ಯ ಪುತ್ತೂರಿನಲ್ಲಿ ಯಾರಿಗೂ ಬೇಡ.

ಇನ್ನೊಂದು ಸಂಗತಿ. ಅಂಗಡಿಯ ‘ಜೆಲ್ಲಿ’ಗಳಲ್ಲಿ ಜೆಲಟಿನ್ ಇರುವುದುಂಟು, ಅದು ಪ್ರಾಣಿಗಳ ಮೂಳೆ, ತೊಗಲುಗಳಿಂದ ತೆಗೆದದ್ದು. ಚೈನಾ ಗ್ರಾಸ್ ಹಾಕಿದ್ದಾದರೆ ಅದು ಕಡಲಪಾಚಿಯ ಸಾರ. ಬಾಯಿಗಿಟ್ಟರೆ ವ್ಯತ್ಯಾಸ ತಿಳಿಯುತ್ತದೆ: ಜೆಲಟಿನ್ನಿನದು ಜಗ್ಗುತ್ತದೆ ಮತ್ತು ಬಾಯಿಯ ಬಿಸಿಗೇ ಕರಗುತ್ತದೆ, ಚೈನಾ ಗ್ರಾಸಿನದು ಜಗ್ಗದೆ ಮುರಿಯುತ್ತದೆ, ಪೆಕ್ಟಿನ್ನಿನದು ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಮೂರಕ್ಕೂ ‘ಜೆಲ್ಲಿ’ ಎಂಬ ಒಂದೇ ಹೆಸರು ಅಂಟಿಕೊಂಡಿರುವುದರಿಂದ, ಸಸ್ಯಾಹಾರಿಗಳು ಸೇರುವ ಮೇಳದಲ್ಲಿ ಆ ಪದವನ್ನು ಬಿಡುವುದಕ್ಕೆ ಭಾಷಾಭಿಮಾನಕ್ಕಿಂತ ಗಟ್ಟಿಯಾದ ಕಾರಣವಿದೆ. ಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಪದದ ಬೇರು ಯಾವ ಭಾಷೆಯದೆಂದು ಅದು ಕೇಳುವುದಿಲ್ಲ.

ಧಾರವಾಡದಿಂದ

ಕಾನೂನು ಕೇಳದಿದ್ದರೆ ನಾವಾದರೂ ಕೇಳಬೇಡವೇ? ಒಂದೊಂದು ತಿನಿಸಿಗೂ ಹೀಗೆ ‘ಸದ್ಯಕ್ಕೆ ಸಾಕು’ ಎನ್ನುತ್ತ ಬಂದು, ಹುಳಿ ಲಿಂಬೆಯ ಗೋಲಿಯನ್ನೂ ‘ಪೆಪ್ಪರಮೆಂಟು’ ಎಂದು ಕರೆಯುವ ಸ್ಥಿತಿ ನಮಗೆ ಬಂದಿತು. ‘ಕಟ್ಟು’ ಎಂಬುದನ್ನು ಒಪ್ಪುತ್ತೇನೆ. ‘ಹೆಪ್ಪುಗಟ್ಟು’ ಎಂದು ಯಾರೂ ಬೆಳೆಸದಿದ್ದರೆ ಸಾಕು. ಹೆಪ್ಪು ಹೊರಗಿನಿಂದ ಹಾಕುವಂಥದ್ದು, ಪೆಕ್ಟಿನ್ ಹಣ್ಣಿನೊಳಗೇ ಇರುವಂಥದ್ದು.

ಶಿರಸಿಯಿಂದ

ರಕ್ತ ಹೆಪ್ಪುಗಟ್ಟುವುದಕ್ಕೆ ಯಾರು ಹೆಪ್ಪು ಹಾಕುತ್ತಾರೆ?

ಎರವಲಿನ ಮಾತಿಗೆ ಇಷ್ಟು: ಬರ್ಫಿಯ ಮೂಲವಾದ ಪಾರಸಿಯ ‘ಬರ್ಫ್’ ಎಂದರೆ ಹಿಮ, ‘ಗೆಲಾರೆ’ಯೂ ಹಿಮಗಟ್ಟುವುದೇ. ಕುದಿಯುವ ಬಾಣಲೆಯಲ್ಲಿ ಹುಟ್ಟಿದ ಎರಡು ತಿನಿಸಿಗೂ ಪಡುವಣದ ಎರಡು ಭಾಷೆಗಳು ಚಳಿಯ ಹೆಸರಿಟ್ಟವು. ಮೊದಲನೆಯದನ್ನು ಮದುವೆಯ ಎಲೆಗೆ ಬಡಿಸಿಕೊಂಡು ತಿನ್ನುವವರು ಎರಡನೆಯದು ಬಂದಾಗ ಮಾತ್ರ ಬಾಗಿಲು ಹಾಕುವುದು ಯಾವ ನ್ಯಾಯವೋ ನನಗೆ ತಿಳಿಯದು. ನಾನು ‘ಜೆಲ್ಲಿ’ ಬೇಡವೆಂದದ್ದು ಅದು ಪರಭಾಷೆಯದೆಂದಲ್ಲ, ಈ ತಿನಿಸಿಗೆ ಅದು ಒಪ್ಪುವುದಿಲ್ಲವೆಂದು.

ಮೈಸೂರಿನಿಂದ

‘ಖಂಡ’ಕ್ಕೆ ಮಾಂಸದ ಅರ್ಥವೊಂದನ್ನೇ ಅಂಟಿಸಿದರೆ ‘ಅಖಂಡ ಕರ್ನಾಟಕ’ ಎಂದು ಬರೆಯುವವರೂ ಹೆದರಬೇಕಾದೀತು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪುತ್ತೂರಿನಿಂದ

ಎಲ್ಲರಿಗೂ ವಂದನೆಗಳು. ಫಲಕ ಬರೆಯುವವರು ಇಂದು ಸಂಜೆಯೇ ಬಣ್ಣ ಕಲಸುವುದರಿಂದ ತೀರ್ಮಾನಿಸಬೇಕಾಯಿತು. ಮೇಲೆ ದೊಡ್ಡದಾಗಿ ‘ಪೇರಳೆ–ಪುನರ್ಪುಳಿ ಮಿಠಾಯಿ’, ಕೆಳಗೆ ಸಣ್ಣದಾಗಿ ‘ಹಣ್ಣಿನ ತಿರುಳಿನಿಂದಲೇ ಕಟ್ಟಿದ್ದು, ಜೆಲಟಿನ್ ಇಲ್ಲ’. ಚೀಟಿಯಲ್ಲಿ ‘ರಾತ್ರಿಯಿಡೀ ಕಟ್ಟಲು ಬಿಡಿ’ ಎಂದೇ ಹಾಕಿದ್ದೇವೆ. ಈಗಿನ ತೇವದ ಗಾಳಿಗೆ ಹೊರಳಿಸಿದ ಸಕ್ಕರೆ ನೀರೊಡೆಯುವುದರಿಂದ ಆ ಹಂತವನ್ನು ಮೇಳದ ಬೆಳಿಗ್ಗೆಗೆ ಮುಂದೂಡಿದ್ದಾಳೆ. ‘ಹಣ್ಣಿನ ಅಚ್ಚು’ ಎಂಬ ಹೆಸರು ತಂಗಿಗೆ ಬಹಳ ಹಿಡಿಸಿತು; ಮರದ ಸಕ್ಕರೆ ಅಚ್ಚುಗಳು ಎಲ್ಲಿ ಸಿಗುತ್ತವೆಂದು ಬಲ್ಲವರು ಬೇರೆಯಾಗಿ ಬರೆಯಬೇಕೆಂದು ಕೋರಿದ್ದಾಳೆ.

ಧಾರವಾಡದಿಂದ

‘ಮಿಠಾಯಿ’ ಹಿಂದಿಯದು. ಆಕ್ಷೇಪ ದಾಖಲಾಗಲಿ.