ನಮ್ಮ ತಿಪ್ಪೆಗುಂಡಿಯಲ್ಲೇ ಹಾವಸೆ ಕೊಳೆಯುತ್ತಿಲ್ಲ, ಅಂಟಾರ್ಕ್ಟಿಕಾದಲ್ಲಿ ಅದರ ಗತಿ ಏನು?

ಸಾಧನಕೇರಿ_ಹಿತ್ತಲು:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮಳೆ ಬಿಟ್ಟ ಮೇಲೆ ಬಾವಿಕಟ್ಟೆ, ಹಿತ್ತಲ ಗೋಡೆ ಮೇಲಿನ ಹಾವಸೆಯನ್ನೆಲ್ಲ ಕೆರೆದು ತಿಪ್ಪೆಗುಂಡಿಗೆ ಹಾಕಿದ್ದೆ. ನೀರಿನ ಲೋಳೆ ಪಾಚಿ ಅಲ್ಲ, ಮಖಮಲ್ಲಿನ ಹಾಗೆ ಮೆತ್ತಗಿರುತ್ತದಲ್ಲ, ಆ ಮಾಸ್. ದೀಪಾವಳಿ ಹೊತ್ತಿಗೆ ಹಾಕಿದ್ದು. ಸಂಕ್ರಾಂತಿ ಆದ ಮೇಲೆ ಕೆದಕಿ ನೋಡಿದರೆ ಬಾಳೆಎಲೆ, ಕಾಯಿಪಲ್ಲೆ ಸಿಪ್ಪೆ, ಚೆಂಡು ಹೂ ಎಲ್ಲ ಮಣ್ಣಾಗಿವೆ, ಇದು ಮಾತ್ರ ಕಂದು ಚಾಪೆಯ ಹಾಗೆ ಕೂತಿದೆ. ಎಂಟನೇ ಕ್ಲಾಸಿನ ಮಗಳು ಪಕ್ಕದಲ್ಲೇ ಇದ್ದಳು. "ಅಪ್ಪಾ, ಇಲ್ಲಿ ಇಷ್ಟು ಬಿಸಿಲಿಗೇ ಕೊಳೆಯದಿದ್ದರೆ ಅಂಟಾರ್ಕ್ಟಿಕಾದಲ್ಲಿ ಹೇಗೆ ಕೊಳೆಯುತ್ತದೆ?" ಅಂದಳು. ಅಲ್ಲಿ ಫ್ರಿಜ್ಜಿನಲ್ಲಿಟ್ಟ ಹಾಗೆ, ಕೊಳೆಯುವುದೇ ಇಲ್ಲ ಅಂದುಬಿಟ್ಟೆ. ನಾನು ಹೇಳಿದ್ದು ಸರಿನಾ? ಅವಳು ಅದನ್ನೇ ಪ್ರಾಜೆಕ್ಟ್ ಮಾಡಬೇಕು ಅಂತಿದ್ದಾಳೆ, ತಪ್ಪು ಹೇಳಿಕೊಡಬಾರದು ಅಂತ ಕೇಳುತ್ತಿದ್ದೇನೆ.

ಬಾಟನಿ_ಮೇಡಂ:
ಅರ್ಧ ಸರಿ ಸರ್. ಕೊಳೆಯುತ್ತದೆ, ಆದರೆ ಬಹಳ ನಿಧಾನ. ಚಳಿ ಒಂದು ಕಾರಣ, ಮಾಸ್‌ನ ಮೈಗುಣ ಇನ್ನೊಂದು.

ನಿಮ್ಮ ಗುಂಡಿಯಿಂದಲೇ ಶುರು ಮಾಡೋಣ. ಬರೀ ಒಣ ಜೋಳದ ಕಣಿಕೆ ತಿಪ್ಪೆಗೆ ಹಾಕಿದರೆ ಬೇಗ ಕೊಳೆಯುವುದಿಲ್ಲ, ಸಗಣಿ ಬೆರೆಸಿದರೆ ಕೊಳೆಯುತ್ತದೆ, ಅಲ್ವಾ? ಕೊಳೆಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಸಾರಜನಕ ಬೇಕು. ಮಾಸ್‌ನಲ್ಲಿ ಅದು ಕಮ್ಮಿ. ಮರಗಳಲ್ಲಿರುವ ಲಿಗ್ನಿನ್ ಮಾಸ್‌ನಲ್ಲಿ ಇಲ್ಲ, ಹಾಗಾದರೆ ಬೇಗ ಕರಗಬೇಕು ಅನಿಸುತ್ತದೆ. ಆದರೆ ಅದರ ಜೀವಕೋಶದ ಗೋಡೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿವೆ, ಅವು ಸೂಕ್ಷ್ಮಜೀವಿಗಳಿಗೆ ಸುಲಭದ ತುತ್ತಲ್ಲ.

ಈಗ ಧ್ರುವಕ್ಕೆ ಹೋಗೋಣ. ಅಂಟಾರ್ಕ್ಟಿಕಾ ಹತ್ತಿರ ಸಿಗ್ನಿ ಅಂತ ಒಂದು ದ್ವೀಪ. ಅಲ್ಲಿ ಪಾಲಿಟ್ರೈಕಮ್, ಕೋರಿಸೊಡಾಂಟಿಯಮ್ ಅನ್ನುವ ಮಾಸ್‌ಗಳು ದಿಬ್ಬ ಕಟ್ಟಿವೆ. ತುದಿ ಬೆಳೆಯುತ್ತಾ ಹೋಗುತ್ತದೆ, ಬುಡ ಕಂದಾಗಿ ಕೆಳಗೆ ಉಳಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಸ್ವಲ್ಪ ಪದರ ಮಾತ್ರ ಕರಗಿ, ಅದರ ಕೆಳಗಿನದು ವರ್ಷವಿಡೀ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಕೊಳೆಯುವ ಕೆಲಸವೆಲ್ಲ ಆ ಮೇಲಿನ ಪದರದಲ್ಲಿ, ಆ ಸಣ್ಣ ಬೇಸಿಗೆಯಲ್ಲೇ ಆಗಬೇಕು. ಮಾಡುವವರೂ ಕಮ್ಮಿ. ನಿಮ್ಮ ಗುಂಡಿಯಲ್ಲಿರುವ ಎರೆಹುಳು, ಗೆದ್ದಲು ಅಲ್ಲಿ ಇಲ್ಲ. ಶಿಲೀಂಧ್ರ, ಬ್ಯಾಕ್ಟೀರಿಯಾ, ಕಣ್ಣಿಗೆ ಕಂಡೂ ಕಾಣದ ಸ್ಪ್ರಿಂಗ್‌ಟೇಲ್ ಹುಳು, ನುಸಿ, ಅಷ್ಟೇ.

ಆದರೂ ಚಳಿ ಅಂದರೆ ಎಲ್ಲ ನಿಂತುಹೋಯಿತು ಅಂತಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೂ ಮಣ್ಣಿನ ಕಣಗಳ ಸುತ್ತ ತೆಳುವಾದ ನೀರಿನ ಪೊರೆ ಉಳಿದಿರುತ್ತದೆ, ಅದರಲ್ಲೇ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ. ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗುವಾಗ ಮಾಸ್‌ನ ಜೀವಕೋಶಗಳು ಒಡೆದು ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ. ಅದನ್ನು ಮಾತ್ರ ಅವು ಬೇಗ ತಿಂದು ಮುಗಿಸುತ್ತವೆ. ಉಳಿದ ಗಟ್ಟಿ ಭಾಗವೇ ಸಾವಿರಾರು ವರ್ಷ ಉಳಿಯುವುದು. ಅಂಟಾರ್ಕ್ಟಿಕಾ ಕಡೆಯದೇ ಇನ್ನೊಂದು ದ್ವೀಪ ಎಲಿಫೆಂಟ್, ಅಲ್ಲಿನ ಮಾಸ್ ದಿಬ್ಬ ಐದು ಸಾವಿರ ವರ್ಷಕ್ಕಿಂತ ಹಳೆಯದು.

ಗೂಟಿ_ಕಟ್ಟುವವ_ಹಾವೇರಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪೇರಲ, ದಾಳಿಂಬೆಗೆ ಗೂಟಿ ಕಟ್ಟುತ್ತೇನೆ, ಅಂದರೆ ಗಿಡದ ಮೇಲಿನ ಕೊಂಬೆಗೇ ಬೇರು ಬರಿಸುವುದು. ತೊಗಟೆ ತೆಗೆದ ಜಾಗಕ್ಕೆ ಒದ್ದೆ ಸ್ಫ್ಯಾಗ್ನಮ್ ಮಾಸ್ ಸುತ್ತಿ ಮೇಲೆ ಪ್ಲಾಸ್ಟಿಕ್ ಬಿಗಿಯಬೇಕು. ಎರಡು ತಿಂಗಳು ಸೆಖೆಯಲ್ಲಿ ಒದ್ದೆಯಾಗೇ ಇದ್ದರೂ ಕೊಳೆಯುವುದಿಲ್ಲ, ವಾಸನೆ ಬರುವುದಿಲ್ಲ, ಬೇರು ಬಿಳಿ ಬಿಳಿಯಾಗಿ ಬರುತ್ತದೆ. ಅದೇ ಜಾಗಕ್ಕೆ ಒಮ್ಮೆ ಹುಲ್ಲು ಸುತ್ತಿ ನೋಡಿದ್ದೆ, ಬೂಸ್ಟು ಹಿಡಿದು ಕೊಂಬೆಯೇ ಹೋಯಿತು. ಇಲ್ಲಿ ಚಳಿ ಎಲ್ಲಿದೆ ಹೇಳಿ? ಮಾಸ್‌ನ ಗುಣವೇ ಅದು.

ಬಾಟನಿ_ಮೇಡಂ:
ಒಳ್ಳೆಯ ಉದಾಹರಣೆ ಕೊಟ್ಟಿರಿ ಅಣ್ಣಾ. ಸ್ಫ್ಯಾಗ್ನಮ್ ತನ್ನ ಸುತ್ತಲಿನ ನೀರನ್ನೇ ಹುಳಿ ಮಾಡುತ್ತದೆ, ಆ ಹುಳಿಯಲ್ಲಿ ಕೊಳೆಸುವ ಜೀವಿಗಳಿಗೆ ಕೆಲಸ ಕಷ್ಟ. ಡೆನ್ಮಾರ್ಕಿನ ಇಂಥ ಮಾಸ್ ಜವುಗಿನಲ್ಲಿ 1950ರಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಒಬ್ಬ ಮನುಷ್ಯನ ಹೆಣ ಸಿಕ್ಕಿತು, ಗಡ್ಡದ ಕೂದಲು ಕೂಡ ಹಾಗೇ ಇತ್ತು. ಉತ್ತರ ಧ್ರುವದ ಕಡೆಯ ಜವುಗುಗಳಲ್ಲಿ ಇದೇ ಸ್ಫ್ಯಾಗ್ನಮ್ ಜಾಸ್ತಿ. ಅಲ್ಲಿ ಹುಳಿ, ಚಳಿ, ನಿಂತ ನೀರು ಮೂರೂ ಸೇರುತ್ತವೆ. ನಿಂತ ನೀರಿನೊಳಗೆ ಆಮ್ಲಜನಕ ಹೋಗುವುದಿಲ್ಲ, ಹಾಗಾಗಿ ಕೊಳೆತ ಇನ್ನೂ ನಿಧಾನ.

ಇದರ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಇದೆ. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಹೀಗೆ ಪೂರ್ತಿ ಕೊಳೆಯದೆ ಉಳಿದ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್, ಈಗ ಗಾಳಿಯಲ್ಲಿರುವುದರ ಹತ್ತಿರ ಹತ್ತಿರ ಎರಡು ಪಟ್ಟು. ಆ ನೆಲ ಕರಗಿದಂತೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ, ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್ ಹೊರಬೀಳುತ್ತವೆ.

ನವಿಲೂರು_ನಡಿಗೆ:
ಒಂದು ವಿಷಯ ಬಿಟ್ಟುಹೋಗಿದೆ. ಕೆಳಗಿರುವುದೆಲ್ಲ ಸತ್ತಿದೆ ಅಂತ ನಾವು ಅಂದುಕೊಂಡಿದ್ದೇವೆ. ಸಿಗ್ನಿ ದ್ವೀಪದಲ್ಲೇ ಒಂದು ಮೀಟರಿಗಿಂತ ಆಳದಿಂದ ತೆಗೆದ, ಸುಮಾರು 1500 ವರ್ಷ ಹಳೆಯ ಮಾಸ್ ಪ್ರಯೋಗಾಲಯದ ಬೆಳಕು, ಬಿಸಿಗೆ ಕೆಲವೇ ವಾರದಲ್ಲಿ ಚಿಗುರಿತು. ಇದು 2014ರ ಸುದ್ದಿ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರ ಭಾರತಿ ಸ್ಟೇಷನ್ ಹತ್ತಿರ ಸಿಕ್ಕ ಹೊಸ ಮಾಸ್‌ಗೂ 2021ರಲ್ಲಿ ಬ್ರಯಮ್ ಭಾರತಿಯೆನ್ಸಿಸ್ ಅಂತ ಹೆಸರಿಟ್ಟರು, ಮಗಳಿಗೆ ಅದನ್ನೂ ಹೇಳಿ.

ಪ್ರಾಜೆಕ್ಟಿಗೆ ಹೀಗೆ ಮಾಡಿ. ಸಂಶೋಧಕರೂ ಜಾಲರಿ ಚೀಲದಲ್ಲಿ ತೂಕ ಮಾಡಿದ ಮಾಸ್ ಹಾಕಿ ನೆಲದಲ್ಲಿಟ್ಟು, ತಿಂಗಳುಗಟ್ಟಲೆ ಬಿಟ್ಟು ಮತ್ತೆ ತೂಗುತ್ತಾರೆ. ನಿಮಗೆ ಹಳೆಯ ಸೊಳ್ಳೆಪರದೆ ಸಾಕು. ಈರುಳ್ಳಿ ಚೀಲ ಬೇಡ, ಅದರ ಕಣ್ಣು ದೊಡ್ಡದು, ಮಾಸ್ ಉದುರಿಹೋಗುತ್ತದೆ. ಒಣಗಿಸಿ ತೂಗಿ, ಒಂದು ಚೀಲ ಗುಂಡಿಗೆ, ಒಂದು ಸಗಣಿ ಬೆರೆಸಿದ ಗುಂಡಿಗೆ, ಇನ್ನೊಂದು ಒದ್ದೆ ಮಾಡಿ ಫ್ರೀಜರಿಗೆ.

ಸಾಧನಕೇರಿ_ಹಿತ್ತಲು:
ಎಲ್ಲರಿಗೂ ಥ್ಯಾಂಕ್ಸ್ ರೀ. ಮಗಳಿಗೆ ಎಲ್ಲ ಓದಿ ಹೇಳಿದೆ, 1500 ವರ್ಷದ್ದು ಚಿಗುರಿತು ಅಂದಾಗ ಎದ್ದು ಹೋಗಿ ಗುಂಡಿಯಿಂದ ಆ ಕಂದು ಚಾಪೆಯ ಒಂದು ತುಂಡು ತಂದು ತಟ್ಟೆಯಲ್ಲಿ ನೀರು ಹಾಕಿ ಕಿಟಕಿಯಲ್ಲಿಟ್ಟಿದ್ದಾಳೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಹತ್ತತ್ತು ಗ್ರಾಮಿನ ಮೂರು ಚೀಲ ಕಟ್ಟಿದ್ದೇವೆ. ಯುಗಾದಿಗೆ ಬಿಚ್ಚಿ ಒಣಗಿಸಿ ಮತ್ತೆ ತೂಗಿ ಇಲ್ಲೇ ಬರೆಯುತ್ತೇನೆ.