18 ಪುಟದ ಬುಕ್‌ಲೆಟ್‌ಗೆ ನಡುವೆ ಪಿನ್ ಹೊಡೆಸಬಹುದಾ?

ಪ್ರಶ್ನೆ: ಪ್ರಾಜೆಕ್ಟ್‌ಗೆ ಎ5 ಅಳತೆಯ ಬುಕ್‌ಲೆಟ್ ಮಾಡುತ್ತಿದ್ದೇನೆ, ಈಗ 18 ಪುಟ ಆಗಿದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳೂ ಒಡೆದು ಕಾಣುತ್ತಿವೆ. ಏನು ಮಾಡಲಿ?

ಉತ್ತರ 1: 18 ಆಗಲ್ಲ. ಒಂದು ಹಾಳೆ ಮಡಚಿದರೆ 4 ಪುಟ, ಹಾಗಾಗಿ 16 ಇಲ್ಲವೇ 20. ನಾನಾದರೆ 16ಕ್ಕೇ ಇಳಿಸುತ್ತೇನೆ, ಪುಟ ತುಂಬಿಸೋಕೆ ಸುಮ್ನೆ ಫೋಟೊ ತುರುಕಿದರೆ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ.

ಉತ್ತರ 2: ಒತ್ತಕ್ಷರಕ್ಕೆ, ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಕನ್ನಡದಂಥ ಲಿಪಿಗಳ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆರಿಸಿ. ಫಾಂಟ್ ಯೂನಿಕೋಡ್‌ದೇ ಇರಲಿ. ಅಂಚು ಮುಟ್ಟುವ ಚಿತ್ರಗಳನ್ನು ಕತ್ತರಿಸುವ ಗೆರೆಯಿಂದ 3 ಮಿ.ಮೀ. ಆಚೆಗೆ ಎಳೆಯಿರಿ, ಇಲ್ಲದಿದ್ದರೆ ಕತ್ತರಿ ಸ್ವಲ್ಪ ಸರಿದರೂ ಬಿಳಿ ಗೀಟು ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಒತ್ತಕ್ಷರ ಸರಿಯಾಯ್ತು! ಮಡಚಿದಾಗ ಕ್ರಮ ಸರಿ ಬರುವಂತೆ 16ರ ಪಕ್ಕ 1ನೇ ಪುಟ ನಾನೇ ಜೋಡಿಸಬೇಕಾ?

ಉತ್ತರ 1: ಬೇಡ. ಓದುವ ಕ್ರಮದಲ್ಲೇ ಬಿಡಿ ಪುಟಗಳ ಪಿಡಿಎಫ್ ಕೊಡಿ, ಜೋಡಣೆ ಸಾಮಾನ್ಯವಾಗಿ ಪ್ರೆಸ್‌ನವರೇ ಮಾಡುತ್ತಾರೆ.